ಅಕ್ಷರದ ನಡುವೆ ಕಡಿಯುವ ಬಫರ್: ರಾಯಚೂರು ಸೀಮೆಯ ಹೊಸ ಪ್ರೋಗ್ರಾಮರ್‌ಗಳಿಗೆ ಬಹಿರಂಗ ಪತ್ರ

ಗಿಲ್ಲೆಸುಗೂರು, ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಕೋಡ್ ಬರೆಯಲು ಕಲಿಯುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ,



ನಿಮ್ಮಲ್ಲಿ ಕೆಲವರು ಯರಮರಸ್ ಕ್ಯಾಂಪಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದೀರಿ, ಕೆಲವರು 2019ರಲ್ಲಿ ಶುರುವಾದ ರಾಯಚೂರಿನ ಟ್ರಿಪಲ್ ಐಟಿಯಲ್ಲಿದ್ದೀರಿ. ಮಾನ್ವಿ, ದೇವದುರ್ಗದ ಡಿಗ್ರಿ ಕಾಲೇಜುಗಳಲ್ಲಿ ಓದುವವರಿದ್ದೀರಿ. ಊರಲ್ಲೇ ಕೂತು ಮೊಬೈಲಿನಲ್ಲಿ ಪೈಥಾನ್ ಕಲಿಯುವವರೂ ಇದ್ದೀರಿ. ಎಲ್ಲರಲ್ಲೂ ನನ್ನದೊಂದು ಕೋರಿಕೆ ಇದೆ. ಹರಿದು ಬರುವ ಡೇಟಾವನ್ನು ಓದುವ ಕೋಡ್ ಬರೆದಾಗಲೆಲ್ಲ ಅದರ ಬಫರಿಗೆ, ಅಂದರೆ ಬಂದ ಬೈಟ್‌ಗಳನ್ನು ಸದ್ಯಕ್ಕೆ ಕೂಡಿಡುವ ಮೆಮೊರಿಯ ಜಾಗಕ್ಕೆ, ಕನ್ನಡವನ್ನು ಸುರಿದು ನೋಡಿ. ಈ ಕೆಲಸ ನೀವು ಮಾಡದೆ ಹೋದರೆ ಬೇರೆಯವರು ಮಾಡುವ ಸಂಭವ ಬಹಳ ಕಡಿಮೆ. ಅದಕ್ಕೆ ಕಾರಣ ಯಾರ ಉದಾಸೀನವೂ ಅಲ್ಲ, ಬೈಟ್‌ಗಳ ಲೆಕ್ಕ.

ನಮ್ಮೂರ ಹೆಸರನ್ನೇ ತೆಗೆದುಕೊಳ್ಳಿ. ಗಿಲ್ಲೆಸುಗೂರು ಎಂದು ಬರೆದರೆ ಕಣ್ಣಿಗೆ ಕಾಣುವುದು ಐದು ಅಕ್ಷರ: ಗಿ, ಲ್ಲೆ, ಸು, ಗೂ, ರು. ಯೂನಿಕೋಡ್ ವ್ಯಂಜನವನ್ನು, ಸ್ವರಚಿಹ್ನೆಯನ್ನು, ಒತ್ತಿಗೆ ಕಾರಣವಾಗುವ ವಿರಾಮವನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಆ ಲೆಕ್ಕದಲ್ಲಿ ಹನ್ನೆರಡು ಸಂಕೇತಗಳಾದವು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಗಿಲ್ಲೆಸುಗೂರಿಗೆ 36 ಬೈಟ್, ದೇವದುರ್ಗಕ್ಕೆ 24, ರಾಯಚೂರಿಗೆ 21, ಮಾನ್ವಿಗೆ 18. ಇಂಗ್ಲಿಷ್ ಅಕ್ಷರಗಳಲ್ಲಿ ರಾಯಚೂರು ಏಳೇ ಬೈಟಿನಲ್ಲಿ ಮುಗಿಯುತ್ತದೆ. ಇದೇ ಹೆಸರು ವೆಬ್ ವಿಳಾಸದೊಳಗೆ ಹೋದರೆ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಮೂರಾಗಿ ಬಿಡಿಸಿಕೊಳ್ಳುತ್ತದೆ. ಆಗ ಗಿಲ್ಲೆಸುಗೂರಿಗೆ 108 ಬೈಟ್ ಬೇಕಾಗುತ್ತದೆ. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ ಇದೆ. ಇಂಗ್ಲಿಷಿನವರಿಗೆ ಅದು 255 ಅಕ್ಷರ, ನಮಗೆ 85 ಸಂಕೇತ. ಅಂದರೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆ ಕಟ್ಟಿದ ಬಫರ್ ಯಾವುದೇ ಇರಲಿ, ಅದು ಮೊದಲು ಸಾಲದೇ ಹೋಗುವುದು ನಮಗೆ.

ಅಳತೆ ಸಾಲದಿರುವುದು ಒಂದು ತೊಂದರೆ. ಇದಕ್ಕಿಂತ ದೊಡ್ಡದು ಡೇಟಾ ಹರಿದು ಬರುವಾಗ ಎದುರಾಗುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಮೊಬೈಲ್ ನೆಟ್‌ವರ್ಕಿನ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳಿಸುತ್ತವೆ. ಅಂಥ ಮಳೆ ಲೆಕ್ಕವನ್ನು ಊರ ಹೆಸರಿನೊಂದಿಗೆ ಸಾಲುಸಾಲಾಗಿ ಓದಿ ಜೋಡಿಸುವ ಪ್ರೋಗ್ರಾಮನ್ನು ನೀವೇ ಬರೆಯುತ್ತಿದ್ದೀರಿ ಎಂದುಕೊಳ್ಳೋಣ. ಒಂದು ಸಾಲು ಹೀಗಿರಲಿ: ಗಿಲ್ಲೆಸುಗೂರು, ಆಮೇಲೆ ಕಾಮಾ, ಆಮೇಲೆ 12.5, ಕೊನೆಗೆ ಸಾಲು ಮುಗಿದ ಗುರುತು. ಒಟ್ಟು 42 ಬೈಟ್. ಕಳಿಸುವ ಕಡೆಯವರು ಈ 42 ಬೈಟನ್ನು ಒಟ್ಟಿಗೆ ಕಳಿಸಿದರೂ ನಿಮ್ಮ ಕೈಗೆ ಅದು ಒಟ್ಟಿಗೇ ಬರುತ್ತದೆಂಬ ಖಾತ್ರಿ ಇಲ್ಲ. ನೆಟ್‌ವರ್ಕಿನಲ್ಲಿ ಡೇಟಾ ಸಾಗಿಸುವ ಟಿಸಿಪಿ ಕೊಡುವ ಮಾತು ಒಂದೇ: ಬೈಟ್‌ಗಳು ಕಳಿಸಿದ ಕ್ರಮದಲ್ಲೇ ಬರುತ್ತವೆ. ಎಲ್ಲಿ ತುಂಡಾಗುತ್ತವೆ ಎಂಬುದರ ಹೊಣೆ ಅದು ಹೊರುವುದಿಲ್ಲ. ಒಮ್ಮೆ ಓದಿದರೆ ನಾಲ್ಕು ಸಾವಿರ ಬೈಟ್ ಸಿಗಬಹುದು, ಇನ್ನೊಮ್ಮೆ ಒಂದೇ ಒಂದು.

ನಿಮ್ಮ ಬಫರ್ 16 ಬೈಟಿನದು ಎಂದಿಟ್ಟುಕೊಳ್ಳಿ. ಮೊದಲ 15 ಬೈಟಿನಲ್ಲಿ ಗಿಲ್ಲ ಎಂಬಷ್ಟು ಬಂತು. ಹದಿನಾರನೆಯದು ಎತ್ವದ ಮೂರು ಬೈಟ್‌ಗಳಲ್ಲಿ ಮೊದಲನೆಯದು, ಅದರ ಸಂಖ್ಯೆ 224. ಉಳಿದೆರಡು, 179 ಮತ್ತು 134, ಮುಂದಿನ ಓದಿನಲ್ಲಿ ಬರುತ್ತವೆ. ಬಂದ ತುಂಡನ್ನು ಬಂದಂತೆಯೇ ಅಕ್ಷರವಾಗಿ ಬದಲಿಸುವ ಕೋಡ್ ಆ ಒಂಟಿ 224ನ್ನು ಕಂಡು ಗಲಿಬಿಲಿಗೊಂಡು, ಅದರ ಜಾಗಕ್ಕೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಮುಂದಿನ ತುಂಡಿನ ಮೊದಲೆರಡು ಬೈಟ್‌ಗಳಿಗೂ ಅದೇ ಗತಿ. ಗಿಲ್ಲ ಆದಮೇಲೆ ಮೂರು ಕಪ್ಪು ಗುರುತು, ಆಮೇಲೆ ಸುಗೂ. ಎರಡನೆಯ ಸಲ ಬಫರ್ ತುಂಬುವ ಕಡೆ ರಕಾರವೂ ಹೀಗೇ ಒಡೆಯುತ್ತದೆ. ಹೀಗೆ ಒಡೆದ ಹೆಸರು ಡೇಟಾಬೇಸಿನೊಳಗೆ ಒಮ್ಮೆ ಕೂತುಬಿಟ್ಟರೆ ಮುಗಿಯಿತು. ಮೂಲ ಬೈಟ್‌ಗಳು ಕಳೆದುಹೋಗಿರುವುದರಿಂದ ಸರಿಪಡಿಸಲು ದಾರಿ ಇರುವುದಿಲ್ಲ, ಆ ಊರಿನ ಹೆಸರು ಹಾಕಿ ಹುಡುಕಿದರೆ ಆ ಸಾಲು ಸಿಗುವುದೂ ಇಲ್ಲ.

ಇದು ಅಪರೂಪಕ್ಕೆ ಆಗುವ ಆಕಸ್ಮಿಕ ಎಂದು ತಿಳಿಯಬೇಡಿ. ಬಫರುಗಳ ಅಳತೆ ರೂಢಿಯಲ್ಲಿ ಎರಡರ ಘಾತದಲ್ಲಿರುತ್ತದೆ: 1024, 4096, 8192, 65536. ಎರಡರ ಯಾವ ಘಾತವೂ ಮೂರರಿಂದ ಭಾಗವಾಗುವುದಿಲ್ಲ. 4096ನ್ನು ಮೂರರಿಂದ ಭಾಗಿಸಿದರೆ 1 ಉಳಿಯುತ್ತದೆ, 8192ರಲ್ಲಿ 2 ಉಳಿಯುತ್ತದೆ, 65536ರಲ್ಲಿ ಮತ್ತೆ 1. ಜಾಗ, ಕಾಮಾ, ಅಂಕಿ ಒಂದೂ ಇಲ್ಲದೆ ಬರೀ ಕನ್ನಡವೇ ಹರಿದು ಬಂದರೆ ಮೊದಲ ಬಫರ್ ತುಂಬಿದ ಕಡೆಯೇ ಸಂಕೇತವೊಂದು ಖಂಡಿತವಾಗಿ ಕಡಿಯುತ್ತದೆ. ನಡುನಡುವೆ ಜಾಗ, ಅಂಕಿಗಳಿರುವ ನಿಜವಾದ ಬರಹದಲ್ಲಿ ಅದು ಒಮ್ಮೆ ಕಡಿಯುತ್ತದೆ, ಒಮ್ಮೆ ತಪ್ಪಿಸಿಕೊಳ್ಳುತ್ತದೆ. ಹಾಗಾಗಿಯೇ ಈ ದೋಷ ಹಿಡಿಯುವುದು ಕಷ್ಟ. ಇಂಗ್ಲಿಷ್ ಬರಹದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ನಡುವೆ ಕಡಿಯಲು ಏನೂ ಇಲ್ಲ. ಇಂಗ್ಲಿಷಿನಲ್ಲೇ ಪರೀಕ್ಷಿಸಿದವರ ಕೋಡ್ ನೂರಕ್ಕೆ ನೂರು ಪಾಸಾಗುತ್ತದೆ, ಅವರು ನಿಶ್ಚಿಂತೆಯಿಂದ ಅದನ್ನು ಹೊರಗೆ ಬಿಡುತ್ತಾರೆ. ಒಡೆಯುವುದು ನಮ್ಮ ಜನರ ಹೆಸರುಗಳ ಮೇಲೆ ಅದು ಓಡತೊಡಗಿದಾಗ.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ರಾಯಚೂರಿನ ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ, ಬೋರ್ಡುಗಳಲ್ಲಿ ಇಂಗ್ಲಿಷೂ ಇದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಉರ್ದು ಅಕ್ಷರಕ್ಕೆ ಎರಡು, ಕನ್ನಡ ಮತ್ತು ತೆಲುಗಿಗೆ ಮೂರು. ಅದರ ಮೇಲೆ ಒಂದು ನಗುಮುಖ ಅಂಟಿಸಿದರೆ ಬಹುಪಾಲು ನಾಲ್ಕು. ನಮ್ಮ ಮನೆಗಳ ವಾಟ್ಸಾಪ್ ಗುಂಪಿನ ಒಂದೇ ಸಂಜೆಯ ಮಾತುಕತೆಯಲ್ಲಿ ಈ ನಾಲ್ಕೂ ಉದ್ದಗಳು ಬಂದುಹೋಗುತ್ತವೆ. ಇಷ್ಟು ಒಳ್ಳೆಯ ಪರೀಕ್ಷಾ ಸಾಮಗ್ರಿ ದೊಡ್ಡ ದೊಡ್ಡ ಕಂಪನಿಗಳ ಪ್ರೋಗ್ರಾಮರುಗಳಿಗೂ ಸುಲಭಕ್ಕೆ ಸಿಗುವುದಿಲ್ಲ.

ಹಾಗಾದರೆ ಬರೆಯುವುದು ಹೇಗೆ? ಯುಟಿಎಫ್-8ನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ರೂಪಿಸಿದರು. ಅವರು ಮಾಡಿಟ್ಟ ಒಂದು ಏರ್ಪಾಡು ನಮಗೆ ವರವಾಗಿದೆ. ಒಂದಕ್ಕಿಂತ ಹೆಚ್ಚು ಬೈಟ್ ಬೇಕಾಗುವ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲ. ಕಾಮಾದ ಸಂಖ್ಯೆ 44, ಸಾಲು ಮುಗಿದ ಗುರುತಿನದು 10. ಆದ್ದರಿಂದ ಕನ್ನಡ ಅಕ್ಷರದ ಹೊಟ್ಟೆಯೊಳಗೆ ಕಾಮಾ ಆಗಲಿ ಸಾಲಿನ ಕೊನೆಯಾಗಲಿ ಇರುವಂತೆ ತೋರುವ ಪ್ರಸಂಗವೇ ಬರುವುದಿಲ್ಲ. ಹೀಗಿರುವಾಗ ತುಂಡುಗಳನ್ನು ಆತುರದಿಂದ ಅಕ್ಷರವಾಗಿಸುವ ಅಗತ್ಯವೇ ಇಲ್ಲ. ಬೈಟ್‌ಗಳನ್ನು ಬೈಟ್‌ಗಳಾಗಿಯೇ ಬಫರಿನಲ್ಲಿ ಕೂಡಿಸುತ್ತ ಹೋಗಿ, 10 ಎಂಬ ಬೈಟ್ ಸಿಕ್ಕಿದಾಗ ಅಲ್ಲಿಯವರೆಗಿನದನ್ನು ಒಂದು ಸಾಲು ಎಂದು ತೆಗೆಯಿರಿ, ಆ ಪೂರ್ಣ ಸಾಲನ್ನಷ್ಟೇ ಅಕ್ಷರಕ್ಕೆ ಬದಲಿಸಿ. ಉಳಿದ ಅರೆಬರೆ ತುಂಡು ಬಫರಿನಲ್ಲೇ ಇರಲಿ. ಮುಂದಿನ ಓದು ಅದರ ಬೆನ್ನಿಗೇ ಬಂದು ಸೇರಲಿ. ನನ್ನ ಮಟ್ಟಿಗೆ ಇದೇ ಅತ್ಯಂತ ಭದ್ರವಾದ ದಾರಿ.

ಸಾಲು ಎಂಬುದೇ ಇಲ್ಲದ ಬರಹ ಹರಿದು ಬರುತ್ತಿದ್ದು, ಬಂದಷ್ಟನ್ನು ಆಗಲೇ ತೋರಿಸಬೇಕಾದರೆ ಬಫರಿನ ತುದಿಯಿಂದ ಹಿಂದಕ್ಕೆ ನೋಡಿ. ಹೆಚ್ಚೆಂದರೆ ಮೂರು ಬೈಟ್ ನೋಡಿದರೆ ಸಾಕು. 128ರಿಂದ 191ರವರೆಗಿನವು ಮುಂದುವರಿಕೆಯ ಬೈಟ್‌ಗಳು, ಅವುಗಳನ್ನು ದಾಟಿ. ಆಮೇಲೆ ಸಿಗುವ ಬೈಟ್ ತನ್ನ ಅಕ್ಷರಕ್ಕೆ ಎಷ್ಟು ಬೈಟ್ ಬೇಕೆಂದು ತಾನೇ ಹೇಳುತ್ತದೆ: 191ರ ಮೇಲಿದ್ದು 224ಕ್ಕಿಂತ ಕಡಿಮೆ ಇದ್ದರೆ ಎರಡು, 224ರಿಂದ 239ರೊಳಗಿದ್ದರೆ ಮೂರು, 240 ಅಥವಾ ಅದರ ಮೇಲಿದ್ದರೆ ನಾಲ್ಕು. ಅಷ್ಟು ಬಂದಿಲ್ಲದಿದ್ದರೆ ಆ ತುದಿಯನ್ನು ಮುಂದಿನ ಸುತ್ತಿಗೆ ಉಳಿಸಿಕೊಳ್ಳಿ. ಇದನ್ನೆಲ್ಲ ಕೈಯಾರೆ ಬರೆಯಬೇಕಾದ ಅವಶ್ಯಕತೆಯೂ ಇಲ್ಲ. ಪೈಥಾನಿನಲ್ಲಿ ಇನ್‌ಕ್ರಿಮೆಂಟಲ್ ಡಿಕೋಡರ್ ಇದೆ, ನೋಡ್ ಜೆಎಸ್‌ನಲ್ಲಿ ಸ್ಟ್ರಿಂಗ್ ಡಿಕೋಡರ್ ಇದೆ. ಎರಡೂ ಅರ್ಧ ಉಳಿದ ಬೈಟ್‌ಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಆದರೂ ನೋಡ್ ಜೆಎಸ್ ಕಲಿಯುವವರು ಬಂದ ತುಂಡನ್ನು ನೇರವಾಗಿ ಸ್ಟ್ರಿಂಗಿಗೆ ಕೂಡಿಸುವ ಒಂದು ಸಾಲನ್ನು ಎಲ್ಲೆಂದರಲ್ಲಿ ನಕಲು ಮಾಡುತ್ತಾರೆ. ಆ ಸಾಲನ್ನು ನೋಡಿದಲ್ಲೆಲ್ಲ ತಿದ್ದಿ.

ಸಂಕೇತ ಪೂರ್ತಿ ಬಂತು ಎಂದರೆ ಅಕ್ಷರ ಪೂರ್ತಿ ಬಂತು ಎಂದಲ್ಲ, ಇದೂ ನೆನಪಿರಲಿ. ಲ್ಲೆ ಎಂಬ ಒಂದು ಅಕ್ಷರದಲ್ಲಿ ನಾಲ್ಕು ಸಂಕೇತ, 12 ಬೈಟ್. ಓದುವ ಹಂತದಲ್ಲಿ ಇದರ ಚಿಂತೆ ಬೇಡ, ಅದು ತೆರೆಯ ಮೇಲೆ ತೋರಿಸುವ, ಉದ್ದ ಎಣಿಸುವ, ಹೆಸರನ್ನು ಮೊಟಕು ಮಾಡುವ ಹಂತದ ಕೆಲಸ. ಎರಡನ್ನೂ ಒಂದೇ ಫಂಕ್ಷನ್ನಿನಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. (ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫೈಲುಗಳ ಲೆಕ್ಕವೇ ಬೇರೆ. ಅಲ್ಲಿ ಅಕ್ಷರದ ತುಣುಕುಗಳು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಸಂಖ್ಯೆಯಲ್ಲೇ ಕೂತಿರುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ತಂದುಕೊಂಡೇ ಮುಂದುವರಿಯಿರಿ.)

ಇನ್ನು ಬಫರ್ ಬೆಳೆಸುವ ವಿಚಾರ. ಸಾಲು ಮುಗಿದಿಲ್ಲ, ಬಫರ್ ತುಂಬಿದೆ. ಏನು ಮಾಡಬೇಕು? ಮೊದಲು, ಆಗಲೇ ಓದಿ ಮುಗಿಸಿದ ಬೈಟ್‌ಗಳು ಮುಂಭಾಗದಲ್ಲಿ ಸುಮ್ಮನೆ ಜಾಗ ಹಿಡಿದಿದ್ದರೆ ಉಳಿದದ್ದನ್ನು ಬಫರಿನ ಆರಂಭಕ್ಕೆ ಸರಿಸಿ. ಬಹಳ ಸಲ ಅಷ್ಟರಲ್ಲೇ ಜಾಗವಾಗುತ್ತದೆ. ಆಗಲೂ ಸಾಲದಿದ್ದರೆ ಬೆಳೆಸಿ, ಬೆಳೆಸುವಾಗ ಇದ್ದದ್ದರ ಎರಡರಷ್ಟು ಮಾಡಿ. ಪ್ರತಿ ಸಲ ಇಂತಿಷ್ಟೇ ಎಂದು ಸ್ವಲ್ಪ ಸ್ವಲ್ಪ ಬೆಳೆಸುವುದು ಮಿತವ್ಯಯದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಅದೇ ದುಬಾರಿ. ನಾಲ್ಕು ಕೆಬಿಯಿಂದ ಶುರುಮಾಡಿ ಒಂದು ಎಂಬಿವರೆಗೆ ನಾಲ್ಕು ನಾಲ್ಕು ಕೆಬಿ ಸೇರಿಸುತ್ತ ಹೋದರೆ 255 ಸಲ ಹೊಸ ಜಾಗ ಕೇಳಬೇಕು. ಪ್ರತಿ ಸಲವೂ ಹಳೆಯದನ್ನೆಲ್ಲ ಹೊಸ ಜಾಗಕ್ಕೆ ನಕಲು ಮಾಡಬೇಕಾಗಿ ಬಂದರೆ ಒಟ್ಟು 130560 ಕೆಬಿ, ಅಂದರೆ 127 ಎಂಬಿಗಿಂತ ಹೆಚ್ಚು ನಕಲು. ಎರಡರಷ್ಟು ಮಾಡುತ್ತ ಹೋದರೆ ಎಂಟೇ ಸಲ, ಒಟ್ಟು 1020 ಕೆಬಿ ನಕಲು. ಜಾವಾದ ಅರೇಲಿಸ್ಟ್ ಒಂದೂವರೆ ಪಟ್ಟು ಬೆಳೆಯುತ್ತದೆ, ಅದೂ ಸರಿಯೇ. ಪಟ್ಟು ಎಷ್ಟೇ ಇರಲಿ, ಇದ್ದದ್ದರ ಅನುಪಾತದಲ್ಲಿ ಬೆಳೆಯಬೇಕು ಎಂಬುದು ಮುಖ್ಯ.

ನಕಲು ಉಳಿಸಿದವರೂ ಎಡವುವ ಜಾಗ ಇನ್ನೊಂದಿದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಹಳ ನುರಿತವರ ಕೋಡಿನಲ್ಲಿ ಅದು ವರ್ಷಗಟ್ಟಲೆ ಇತ್ತು. ಎಕ್ಸ್‌ಪ್ಯಾಟ್ ಎಂಬ ಎಕ್ಸ್‌ಎಂಎಲ್ ಪಾರ್ಸರ್ ಇದೆ. ಜೇಮ್ಸ್ ಕ್ಲಾರ್ಕ್ ಬರೆಯಲು ಆರಂಭಿಸಿದ್ದು 1990ರ ದಶಕದ ಕೊನೆಯಲ್ಲಿ. ಪೈಥಾನಿನ ಎಕ್ಸ್‌ಎಂಎಲ್ ಓದುವ ಸಾಧನಗಳ ಅಡಿಯಲ್ಲಿ ಇರುವುದೂ ಅದೇ. ತುಂಡುತುಂಡಾಗಿ ಬರುವ ಡೇಟಾವನ್ನು ಬೆಳೆಯುವ ಬಫರಿನಲ್ಲಿ ಹಿಡಿದು ಓದುವುದು ಅದರ ಕೆಲಸ. ಒಂದು ಟ್ಯಾಗ್ ಅರ್ಧ ಬಂದು ನಿಂತರೆ ಎಕ್ಸ್‌ಪ್ಯಾಟ್ ಮುಂದಿನ ತುಂಡಿಗೆ ಕಾಯುತ್ತಿತ್ತು. ಅದು ಬಂದೊಡನೆ ಆ ಟ್ಯಾಗನ್ನು ಮೊದಲಿನಿಂದ ಮತ್ತೆ ಓದುತ್ತಿತ್ತು. ಆಗಲೂ ಮುಗಿಯದಿದ್ದರೆ ಇನ್ನೊಂದು ತುಂಡು, ಮತ್ತೆ ಮೊದಲಿನಿಂದ. ಚಿಕ್ಕ ಟ್ಯಾಗಿಗೆ ಇದರಿಂದ ಏನೂ ತೊಂದರೆ ಇಲ್ಲ. ಯಾರಾದರೂ ಬೇಕೆಂದೇ ಬಲು ಉದ್ದದ ಒಂದೇ ಟ್ಯಾಗನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಕಳಿಸಿದರೆ ಕಂಪ್ಯೂಟರ್ ಓದಿದ್ದನ್ನೇ ಓದುತ್ತ ಬಸವಳಿಯುತ್ತದೆ. ಒಂದು ಎಂಬಿಯ ಟ್ಯಾಗ್ ನಾಲ್ಕು ಕೆಬಿ ತುಂಡುಗಳಲ್ಲಿ ಬಂದರೆ ಸುಮಾರು 128 ಎಂಬಿ ಓದಿದಷ್ಟು ಕೆಲಸ. ಎಕ್ಸ್‌ಪ್ಯಾಟ್ 2.5.0ರವರೆಗೂ ಈ ದೋಷವಿತ್ತು. 2024ರ ಫೆಬ್ರವರಿಯಲ್ಲಿ ಬಂದ 2.6.0ರಲ್ಲಿ ಇದನ್ನು ಸರಿಪಡಿಸಿದರು. ಉಪಾಯ ಸರಳವಾಗಿತ್ತು: ಒಮ್ಮೆ ಪ್ರಯತ್ನಿಸಿ ಪೂರ್ಣವಾಗದಿದ್ದರೆ, ಕೈಯಲ್ಲಿರುವ ಡೇಟಾ ಸುಮಾರು ಎರಡರಷ್ಟಾಗುವವರೆಗೆ ಮತ್ತೆ ಪ್ರಯತ್ನಿಸುವುದಿಲ್ಲ. ಬಫರ್ ಬೆಳೆಸಲು ಹೇಳಿದ ಲೆಕ್ಕವೇ ಇಲ್ಲಿ ಮರು ಓದಿಗೂ ಬಂತು.

ನಿಮ್ಮ ಮಳೆ ಲೆಕ್ಕದ ಪ್ರೋಗ್ರಾಮಿಗೆ ಇಷ್ಟು ದೊಡ್ಡ ಉಪಾಯ ಬೇಡ. ಸಾಲಿನ ಕೊನೆಯನ್ನು ಎಲ್ಲಿಯವರೆಗೆ ಹುಡುಕಿದ್ದೀರಿ ಎಂಬ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು. ಮುಂದಿನ ಸಲ ಅಲ್ಲಿಂದಲೇ ಹುಡುಕಿ.

ಸಿ ಭಾಷೆಯಲ್ಲಿ ಬರೆಯುವವರಿಗೆ ಒಂದೆರಡು ಮಾತು. ಬಫರ್ ಬೆಳೆದಾಗ ಅದು ಮೆಮೊರಿಯಲ್ಲಿ ಬೇರೆ ಜಾಗಕ್ಕೆ ಹೋಗಬಹುದು. ಸಾಲಿನ ಆರಂಭ ಇಲ್ಲಿದೆ ಎಂದು ನೀವು ಇಟ್ಟುಕೊಂಡಿದ್ದ ಪಾಯಿಂಟರ್ ಆಗ ಖಾಲಿ ಮನೆಯ ವಿಳಾಸವಾಗುತ್ತದೆ. ಅದಕ್ಕೇ ಪಾಯಿಂಟರ್ ಬದಲು ಬಫರಿನ ಮೊದಲಿನಿಂದ ಎಷ್ಟನೆಯ ಬೈಟ್ ಎಂಬ ಅಂಕಿಯನ್ನು ಇಟ್ಟುಕೊಳ್ಳಿ. ರಿಅಲಾಕ್ ಕೊಟ್ಟ ಉತ್ತರವನ್ನು ಹಳೆಯ ಪಾಯಿಂಟರಿಗೇ ನೇರವಾಗಿ ಹಾಕಬೇಡಿ. ಮೆಮೊರಿ ಸಿಗದೆ ಅದು ಶೂನ್ಯ ಕೊಟ್ಟರೆ ಹಳೆಯ ಬಫರಿನ ದಾರಿಯೂ ಕಳೆದುಹೋಗುತ್ತದೆ. ಎರಡರಿಂದ ಗುಣಿಸುವ ಮುಂಚೆ ಆ ಸಂಖ್ಯೆ ತನ್ನ ಮಿತಿ ದಾಟುತ್ತದೆಯೇ ಎಂದೂ ನೋಡಿ. ಇದೇ ಎಕ್ಸ್‌ಪ್ಯಾಟಿನ ಬಫರ್ ಕೊಡುವ ಫಂಕ್ಷನ್ನಿನಲ್ಲಿ ಹಾಗೆ ಸಂಖ್ಯೆ ಮಿತಿ ಮೀರುವ ದೋಷ ಸಿಕ್ಕಿ, 2022ರ ಜನವರಿಯಲ್ಲಿ 2.4.4ನೇ ಆವೃತ್ತಿ ತರಬೇಕಾಯಿತು.

ಬಫರ್ ಎಷ್ಟೇ ಬೆಳೆಯಲಿ, ಅದಕ್ಕೊಂದು ಮೇಲಿನ ಮಿತಿ ಇರಲೇಬೇಕು. ಮಿತಿಯಿಲ್ಲದೆ ಬೆಳೆಯುವ ಬಫರ್ ಎಂದರೆ ಕೋಡಿ ಇಲ್ಲದ ಕೆರೆ. ಸಾಲು ಮುಗಿದ ಗುರುತನ್ನು ಕಳಿಸದೇ ಬೈಟ್‌ಗಳನ್ನು ಸುರಿಯುತ್ತಲೇ ಇರುವವನೊಬ್ಬ ಸಾಕು, ಸರ್ವರಿನ ಮೆಮೊರಿ ಪೂರ್ತಿ ತುಂಬಿ ಉಳಿದವರ ಕೆಲಸವೂ ನಿಲ್ಲುತ್ತದೆ. ಅಪಾಚೆ ಸರ್ವರ್ ಕೋರಿಕೆಯ ಮೊದಲ ಸಾಲಿಗೆ 8190 ಬೈಟಿನ ಮಿತಿಯನ್ನು ತಾನಾಗಿಯೇ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಮಿತಿ ಇಡುವಾಗ ಕನ್ನಡದ ಮೂರು ಪಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಸರಿಗೆ 50 ಅಕ್ಷರ ಸಾಕು ಎನಿಸಿದರೆ 50 ಬೈಟ್ ಇಡಬೇಡಿ, ಅಷ್ಟರಲ್ಲಿ ಕನ್ನಡದ 16 ಸಂಕೇತ ಮಾತ್ರ ಹಿಡಿಯುತ್ತದೆ. ತಂದೆಯ ಹೆಸರು, ಊರಿನ ಹೆಸರು, ಅಡ್ಡಹೆಸರು ಸೇರಿಸಿ ಬರೆಯುವ ನಮ್ಮ ಕಡೆಯ ಮುದುಕಮ್ಮನ ಪೂರ್ತಿ ಹೆಸರು ಅದರಲ್ಲಿ ಕೂರುವುದಿಲ್ಲ. ಮಿತಿ ದಾಟಿದಾಗ ಸಾಲನ್ನು ಸದ್ದಿಲ್ಲದೆ ಕತ್ತರಿಸುವ ಕೋಡ್ ಕೂಡ ಬರೆಯಬೇಡಿ. ತಿರಸ್ಕರಿಸಿ, ತಿರಸ್ಕರಿಸಿದ್ದನ್ನು ಬರೆದಿಡಿ. ಅರ್ಧ ಹೆಸರಿಗಿಂತ ದೋಷದ ಸೂಚನೆ ಮೇಲು.

ಇಷ್ಟೆಲ್ಲ ಎಚ್ಚರ ಅತಿಯಾಯಿತು ಎನಿಸಬಹುದು. ಆದರೆ ಎಚ್ಚರ ತಪ್ಪಿದಾಗ ಏನಾಗಿದೆ ಎಂದು ನೋಡಿ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ಹುಳು (ವರ್ಮ್ ಬಗೆಯ ಪ್ರೋಗ್ರಾಮ್) ಕಂಪ್ಯೂಟರುಗಳೊಳಗೆ ನುಗ್ಗಿದ ದಾರಿಗಳಲ್ಲಿ ಒಂದು, 512 ಬೈಟಿನ ಬಫರಿಗೆ ಅಳತೆ ನೋಡದೆ ಓದಿಕೊಳ್ಳುತ್ತಿದ್ದ ಗೆಟ್ಸ್ ಎಂಬ ಫಂಕ್ಷನ್. 2011ರ ಸಿ ಭಾಷೆಯ ಮಾನಕದಿಂದ ಅದನ್ನು ತೆಗೆದುಹಾಕಿದ್ದಾರೆ. ಹಳೆಯ ಪಠ್ಯಪುಸ್ತಕ ನಿಮ್ಮ ಕೈಯಲ್ಲಿದ್ದರೆ ಆ ಪುಟವನ್ನು ದಾಟಿಬಿಡಿ. 2017ರ ಫೆಬ್ರವರಿಯಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಎಚ್‌ಟಿಎಂಎಲ್ ಪಾರ್ಸರ್ ಬಫರಿನ ಕೊನೆ ದಾಟಿ ಓದಿ ಬೇರೆಯವರ ಖಾಸಗಿ ಮಾಹಿತಿಯನ್ನು ಪುಟಗಳಲ್ಲಿ ಸೋರಿಸಿದ್ದು ಬಯಲಾಯಿತು. ಗೂಗಲಿನ ಟಾವಿಸ್ ಆರ್ಮಂಡಿ ಅದನ್ನು ಪತ್ತೆ ಮಾಡಿದರು. ಕೊನೆಗೆ ಬಂದೆವೇ ಎಂದು ನೋಡುವಾಗ ಸಮವೇ ಎಂದಷ್ಟೇ ಕೇಳಿದ್ದರು, ಸಮ ಅಥವಾ ಹೆಚ್ಚೇ ಎಂದು ಕೇಳಿರಲಿಲ್ಲ. ಪಾಯಿಂಟರ್ ಕೊನೆಯನ್ನು ಒಂದೇ ಜಿಗಿತಕ್ಕೆ ದಾಟಿದಾಗ ಆ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದು ಓದು ಮುಂದುವರಿಯಿತು.

ಕೊನೆಯದಾಗಿ ಪರೀಕ್ಷೆ. ಒಂದು ಫೈಲ್ ಮಾಡಿ. ಅದರಲ್ಲಿ ನಿಮ್ಮ ತಾಲ್ಲೂಕಿನ ಅಷ್ಟೂ ಊರುಗಳ ಹೆಸರು ಕನ್ನಡದಲ್ಲಿರಲಿ, ಪಕ್ಕದಲ್ಲಿ ಒಂದಿಷ್ಟು ತೆಲುಗು, ಉರ್ದು ಹೆಸರುಗಳಿರಲಿ, ನಗುಮುಖವೂ ಇರಲಿ. ಅದನ್ನು ನಿಮ್ಮ ಪಾರ್ಸರಿಗೆ ಮೊದಲು ಒಟ್ಟಿಗೇ ಕೊಡಿ. ಆಮೇಲೆ ಒಂದೊಂದೇ ಬೈಟಾಗಿ ಕೊಡಿ, ಆಮೇಲೆ ಎರಡೆರಡು, ಮೂರು ಮೂರು, ಹೀಗೆ ಫೈಲಿನ ಉದ್ದದವರೆಗೂ. ತುಂಡಿನ ಅಳತೆ ಯಾವುದೇ ಇರಲಿ, ಹೊರಬರುವ ಫಲಿತಾಂಶ ಒಂದು ಬೈಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು. ಬಫರಿನ ಆರಂಭದ ಅಳತೆಯನ್ನು ಬೇಕೆಂದೇ ಒಂದು ಬೈಟಿಗೆ ಇಳಿಸಿ, ಬೆಳೆಯುವ ಕೋಡ್ ಮತ್ತೆ ಮತ್ತೆ ಓಡುವಂತೆ ಮಾಡಿ. ಡೇಟಾ ಮುಗಿದಾಗ ಬಫರಿನಲ್ಲಿ ಉಳಿದದ್ದೇನು ಎಂದೂ ನೋಡಿ. ಸಾಲು ಮುಗಿದ ಗುರುತಿಲ್ಲದ ಕೊನೆಯ ಸಾಲನ್ನು ಬಿಟ್ಟುಬಿಡುವ ಪ್ರೋಗ್ರಾಮುಗಳು ಬಹಳ, ಆ ಸಾಲಿನಲ್ಲಿ ಯಾವುದೋ ಒಂದು ಊರಿನ ಮಳೆ ಇರುತ್ತದೆ. ಆದರೆ ಸಂಪರ್ಕವೇ ನಡುವೆ ಕಡಿದು, ಸಂಕೇತ ಅರ್ಧಕ್ಕೆ ನಿಂತಿದ್ದರೆ ಅದನ್ನು ಪೂರ್ಣ ಸಾಲೆಂದು ಒಪ್ಪಬೇಡಿ, ದೋಷ ಎಂದೇ ದಾಖಲಿಸಿ.

ಬೇರೆಯವರ ಲೈಬ್ರರಿಯಲ್ಲಿ ಈ ಪರೀಕ್ಷೆ ಸೋತರೆ ಅದನ್ನು ಬರೆದವರಿಗೆ ತಿಳಿಸಿ. ಗಿಲ್ಲೆಸುಗೂರು ಎಂಬ ಹೆಸರನ್ನೇ ಉದಾಹರಣೆಯಾಗಿ ಕೊಡಿ, ಯಾವ ಬೈಟಿನಲ್ಲಿ ಕಡಿಯಿತು ಎಂಬುದನ್ನೂ ಬರೆಯಿರಿ. ಸಾಧ್ಯವಾದರೆ ತಿದ್ದಿದ ಕೋಡನ್ನೂ ಜೊತೆಗಿಡಿ. ಆ ಊರಿನ ಹೆಸರು ಅವರ ಪರೀಕ್ಷೆಗಳ ಸಾಲಿಗೆ ಒಮ್ಮೆ ಸೇರಿದರೆ, ಮುಂದೆ ಅಲ್ಲಿ ಕೋಡ್ ಬದಲಾಯಿಸುವ ಪ್ರತಿಯೊಬ್ಬರೂ ಅದನ್ನು ದಾಟಿಯೇ ಹೋಗಬೇಕಾಗುತ್ತದೆ.

ಇಂತಿ,
ನಿಮ್ಮ ಕಡೆಯವನೇ ಆದ ಒಬ್ಬ ಪ್ರೋಗ್ರಾಮರ್